ತಂಗಿಯ ಕಮಾನಿಗೆ ಹೊಸ ಕಪ್ಪೆ

ಪಿಟೀಲಿನಂಥ ವಾದ್ಯ ನುಡಿಸುವ ಕಮಾನಿನ ಬುಡದಲ್ಲಿ, ಕೈ ಹಿಡಿಯುವ ಕಡೆ, ಕುದುರೆ ಕೂದಲನ್ನು ಕಚ್ಚಿಕೊಂಡು ಕೂತಿರುವ ಕರಿಮರದ ತುಂಡಿಗೆ ನಮ್ಮ ಕಸುಬಿನಲ್ಲಿ ಕಪ್ಪೆ ಅನ್ನುತ್ತಾರೆ. ಯಾಕೆ ಅಂತ ಕೇಳಬೇಡಿ. ಕಮಾನು ರಿಪೇರಿಯಲ್ಲೇ ತಲೆ ನರೆಸಿಕೊಂಡ ನನಗೇ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಅದರ ಎತ್ತರ ಕೂದಲೆಳೆಯಷ್ಟು ಆಚೀಚೆಯಾದರೂ ನುಡಿಸುವವರು ಬಂದು ನನ್ನ ತಲೆ ತಿನ್ನುತ್ತಾರೆ.

ತಲೆ ತಿನ್ನುವುದರಲ್ಲಿ ನನ್ನ ತಂಗಿಯದು ಎತ್ತಿದ ಕೈ. ಊರಿನ ವಾದ್ಯವೃಂದದಲ್ಲಿ ಅವಳು ಡಬಲ್ ಬೇಸ್ ನುಡಿಸುತ್ತಾಳೆ. ಪಿಟೀಲಿನ ಆಕಾರದ್ದೇ, ಆದರೆ ಆಳಿಗಿಂತ ಎತ್ತರದ ವಾದ್ಯ. ಈಚೆಗೆ ಅವಳ ಬಲಗೈ ಹೆಬ್ಬೆರಳಿನ ಬುಡ ಊದಿಕೊಂಡು, ಉದ್ದನೆಯ ಸ್ವರಗಳ ನಡುವೆ ಕಮಾನು ಕೈ ಜಾರತೊಡಗಿತ್ತು. ವೃಂದದ ನಿರ್ದೇಶಕರು ಮೆತ್ತಗೇ ಹೇಳಿದ್ದರು: ಸೋಮವಾರ ಈಗ ಅಭ್ಯಾಸದಲ್ಲಿರುವ ಕೃತಿಯ ಕೊನೆಯ ಭಾಗವನ್ನು ನಿಲ್ಲಿಸದೆ ನುಡಿಸಿ ತೋರಿಸಬೇಕು, ಆಗದಿದ್ದರೆ ಆ ಕುರ್ಚಿಗೆ ಬೇರೆಯವರು ಬರುತ್ತಾರೆ.

"ಈ ಕಪ್ಪೆ ತೀರಾ ಗಿಡ್ಡ ಅಣ್ಣ. ಬೇರೆ ಮಾಡ್ಕೊಡು," ಅಂದಳು.

"ಕುಣಿಯಲಾರದವಳಿಗೆ ನೆಲ ಡೊಂಕಂತೆ," ಅಂದೆ.

ಅವಳು ನಗಲಿಲ್ಲ. ಕೈ ಚಾಚಿ ತೋರಿಸಿದಳು. ಆ ಊತ ನೋಡಿ ಕಮಾನು ಇಸಿದುಕೊಂಡೆ.

ಕಮಾನು ಅಪ್ಪನದು. ಅದೇ ವೃಂದದಲ್ಲಿ ನುಡಿಸಿ ನಿವೃತ್ತರಾದ ಅಪ್ಪ ಈಗ ನನ್ನ ವರ್ಕ್‌ಶಾಪಿನ ಮೇಲಿನ ಕೋಣೆಯಲ್ಲಿದ್ದಾರೆ. ತಂಗಿಗೆ ಕಲಿಸಿದವರೂ ಅವರೇ. ಆ ಗಿಡ್ಡ ಕಪ್ಪೆಯಿಂದಾಗಿ ಕಮಾನಿನ ಕೋಲಿಗೂ ಕೂದಲಿಗೂ ನಡುವೆ ಜಾಗ ಕಡಿಮೆ. ಹೆಬ್ಬೆರಳು ನೆಟ್ಟಗಿದ್ದರೆ ಕೂದಲಿಗೆ ತಾಗುತ್ತದೆ, ಬಗ್ಗಿಸಿ ಒತ್ತಿ ಹಿಡಿದರೆ ಮಾತ್ರ ಹಿಡಿತ ಸಿಗುತ್ತದೆ.

ಎತ್ತರದ ಕಪ್ಪೆ ಕೆತ್ತಿದೆ. ಮರ ಹೆಚ್ಚಾದರೆ ಭಾರವೆಲ್ಲ ಕೈಯ ಕಡೆಗೆ ಬಂದು ಕಮಾನಿನ ತುದಿ ತಂತಿಯ ಮೇಲೆ ಸುಮ್ಮನೆ ತೇಲುತ್ತದೆ. ಅದಕ್ಕೇ ಒಳಗಿನಿಂದ ಉಳಿಯಲ್ಲಿ ಟೊಳ್ಳು ಮಾಡಿದೆ. ನನಗೇ ಹೆಮ್ಮೆಯಾಗುವಂಥ ಕೆಲಸ. ತಂಗಿ ವಾದ್ಯ ತಂದು ಎತ್ತರದ ಸ್ಟೂಲಿನ ಮೇಲೆ ಕೂತು ನುಡಿಸಿದಳು.

"ಹಗುರಾಗಿದೆ," ಅಂದಳು. ಸ್ವಲ್ಪ ಹೊತ್ತಾದ ಮೇಲೆ, "ಆದ್ರೆ ನೋವು ಹಾಗೇ ಇದೆ."

ನನಗೆ ಮೂಗಿನ ತುದಿಯಲ್ಲೇ ಕೋಪ. ಗೊಣಗುತ್ತಲೇ ಕಪ್ಪೆ ಬಿಚ್ಚಿದೆ, ಮೂಲೆಗೆ ಅರ ಹಾಕಿದೆ, ಚರ್ಮ ಅಂಟಿಸಿದೆ, ಕಿತ್ತೆ, ಮತ್ತೆ ಅರ ಹಾಕಿದೆ. ನಮ್ಮ ಕಸುಬಿನವರ ರೋಗವೇ ಇದು. ನೋವು ಕೈಯಲ್ಲಿದ್ದರೂ ನಮ್ಮ ಕಣ್ಣು ಮರದ ಮೇಲೆಯೇ ಇರುತ್ತದೆ.

"ಇನ್ನೊಂದು ಸಲ ಅರ ಹಾಕಿದ್ರೆ ಕಪ್ಪೆ ಹೋಗಿ ಗೊದಮೊಟ್ಟೆ ಆಗುತ್ತೆ," ಅಂದಳು ತಂಗಿ. ಹೇಳುತ್ತಿದ್ದಂತೆ ಅವಳ ಕಣ್ಣು ತುಂಬಿತು. ಆ ಕುರ್ಚಿ ಬಿಟ್ಟರೆ ಅವಳಿಗೆ ಬೇರೇನೂ ಬೇಕಿರಲಿಲ್ಲ, ಅದು ನನಗೆ ಗೊತ್ತಿತ್ತು.

ನಮ್ಮ ಜಗಳ ಕೇಳಿ ಅಪ್ಪ ಕೆಳಗಿಳಿದು ಬಂದರು.

"ನುಡಿಸು, ನೋಡೋಣ."

ನುಡಿಸಿದಳು. ಅಪ್ಪ ಕಪ್ಪೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ, ಅವಳ ಕೈಯನ್ನೇ ನೋಡುತ್ತಿದ್ದರು.

"ಹೆಬ್ಬೆರಳು ಯಾಕೆ ಅಷ್ಟೊಂದು ಬಗ್ಗಿಸ್ತೀಯ?"

"ನೀವೇ ಹೇಳಿಕೊಟ್ಟಿದ್ದಲ್ವಾ ಅಪ್ಪ? ನೆಟ್ಟಗಾದಾಗೆಲ್ಲ ಪೆನ್ಸಿಲ್‌ನಲ್ಲಿ ಹೊಡೀತಿದ್ರಿ."

ಅದು ನಿಜ. ಬೆರಳು ಬಗ್ಗಬೇಕು ಅನ್ನುವುದು ನಮ್ಮ ಮನೆಯಲ್ಲಿ ಸುಳ್ಳು ಹೇಳಬಾರದು ಅನ್ನುವಷ್ಟೇ ದೊಡ್ಡ ಮಾತಾಗಿತ್ತು. ಅಪ್ಪ ಕಮಾನು ಇಸಿದುಕೊಂಡು, ಕೋಲಿಗೂ ಕೂದಲಿಗೂ ನಡುವೆ ತಮ್ಮ ಹೆಬ್ಬೆರಳನ್ನು ನೆಟ್ಟಗೆ ತೂರಿಸಿದರು. ಅದು ಎಲ್ಲಿಯೂ ತಾಗಲಿಲ್ಲ.

"ಆ ಹಳೇ ಕಪ್ಪೆಗೆ ಬಗ್ಗಿಸ್ಲೇಬೇಕಿತ್ತು," ಅಂದರು ನಿಧಾನವಾಗಿ. "ಎಲ್ಲಾ ಕಮಾನಿಗೂ ಹಾಗೇ ಅಂದ್ಕೊಂಡಿದ್ದೆ. ನಾನು ಜೀವಮಾನದಲ್ಲಿ ಹಿಡಿದಿದ್ದು ಅದೊಂದನ್ನೇ."

ಆಮೇಲೆ ತಂಗಿಯ ಪಕ್ಕ ಕೂತು ಅವಳ ಬೆರಳನ್ನು ತಾವೇ ನೆಟ್ಟಗೆ ಮಾಡಿದರು. ಅದು ಮತ್ತೆ ಬಗ್ಗಿತು, ಮತ್ತೆ ಬಿಡಿಸಿದರು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ; ಕಲಿತ ಗುಣ ಅದಕ್ಕಿಂತ ಹಟಮಾರಿ. ಭಾನುವಾರ ಸಂಜೆಯವರೆಗೂ ವರ್ಕ್‌ಶಾಪಿನಲ್ಲಿ "ಬಿಡು, ಬೆರಳು ಬಿಡು" ಅನ್ನುವ ಅಪ್ಪನ ದನಿಯೇ. ಕೊನೆಗೆ ಒಮ್ಮೆ ತಗ್ಗು ಸ್ವರದ ತಂತಿಯ ನಾದ ಎಷ್ಟು ತುಂಬಿ ಬಂತೆಂದರೆ ಮೇಜಿನ ಮೇಲಿನ ತಿರುಪುಗಳು ಗಲಗಲ ಅಂದವು.

ಸೋಮವಾರ ಅವಳು ಎಲ್ಲಿಯೂ ನಿಲ್ಲಿಸದೆ ನುಡಿಸಿದಳು. ಕುರ್ಚಿ ಅವಳಿಗೇ ಉಳಿಯಿತು. ಹೇಳಲು ಬಂದಾಗ ನಾನು ನಾಚಿಕೆಯಿಲ್ಲದೆ ಕುಣಿದಾಡಿದೆ. ಅಪ್ಪ ಮಾತ್ರ ಅವಳ ಕೈ ಹಿಡಿದುಕೊಂಡು ಹೆಬ್ಬೆರಳಿನ ಬುಡವನ್ನೇ ನೋಡುತ್ತಿದ್ದರು.

"ನೋವಾದಾಗೆಲ್ಲ ನನ್ನನ್ನ ಬೈಕೊಂಡಿರ್ತೀಯ."

"ಇಲ್ಲಪ್ಪ. ನಂಗೇ ಸರಿಯಾಗಿ ಬಗ್ಗಿಸೋಕೆ ಬರಲ್ಲ ಅಂದ್ಕೊಂಡು ಇನ್ನೂ ಜಾಸ್ತಿ ಬಗ್ಗಿಸ್ತಿದ್ದೆ."

ಅಪ್ಪ ಕೈ ಬಿಡಲಿಲ್ಲ.

"ನನ್ನನ್ನೇ ಬೈಕೊಂಡಿದ್ರೆ ಚೆನ್ನಾಗಿತ್ತಲ್ಲ ಪುಟ್ಟಿ," ಅಂದರು.