ತೂಕದ ಹಾಳೆ

ನಮ್ಮ ಜೆಟ್ ವಿಮಾನಕ್ಕೆ ಮೂವತ್ತೊಂಬತ್ತು ವರ್ಷ. ನಮ್ಮ ಮದುವೆಗಿಂತ ಆರು ವರ್ಷ ಹಳೆಯದು. ಹದಿನೆಂಟು ವರ್ಷದ ಹಿಂದೆ ಬಾಡಿಗೆಗೆ ಬಿಡಲೆಂದು ನಾನೂ ಯಜಮಾನರೂ ಅದನ್ನು ಕೊಂಡಾಗ, ಬಿಳಿಯಾನೆ ತಂದು ಕಟ್ಟಿಕೊಂಡರು ಎಂದು ನೆಂಟರೆಲ್ಲ ಆಡಿಕೊಂಡರು. ಹಾಗೆ ಆಡಿಕೊಂಡವರೇ ಆಮೇಲೆ ಫೋನ್ ಮಾಡಿ, "ಹೇಗೂ ಆ ಕಡೆ ಹೋಗ್ತೀರಲ್ಲ, ಒಂದು ಸೀಟಿದ್ರೆ..." ಎಂದು ರಾಗ ಎಳೆದರು.

ಸೀಟಿಗೇನೂ ಬರವಿಲ್ಲ. ಮುಂದೆ ನಾವಿಬ್ಬರು ಪೈಲಟ್‌ಗಳು, ಹಿಂದೆ ಆರು ಸೀಟು. ಆದರೆ ದೂರದ ದಾರಿಗೆ ಟ್ಯಾಂಕ್ ತುಂಬಿಸಿದ ಮೇಲೆ ಆರು ಜನರನ್ನು ಹೊರುವ ತ್ರಾಣ ಇದಕ್ಕಿಲ್ಲ. ಬಿಸಿಲಿನ ದಿನ ಮೂವರನ್ನು ಹೊತ್ತರೆ ದೊಡ್ಡದು. ಎಷ್ಟು ಹೇಳಿದರೂ ಇದು ನೆಂಟರ ತಲೆಗೆ ಹೋಗುವುದಿಲ್ಲ. ಅದಕ್ಕೇ ಹ್ಯಾಂಗರಿನ ಬಾಗಿಲಲ್ಲಿ ತೂಕದ ಯಂತ್ರ ಇಟ್ಟಿದ್ದೇನೆ. ಯಾರೇ ಬರಲಿ, ಮೊದಲು ಅದರ ಮೇಲೆ ನಿಲ್ಲಬೇಕು. ಬಾಯಲ್ಲಿ ಹೇಳಿದ ತೂಕವನ್ನು ನಾನು ಹಾಳೆಯಲ್ಲಿ ಬರೆಯುವುದಿಲ್ಲ, ಐದಾರು ಕೆಜಿ ನುಂಗಿಹಾಕುವುದು ಎಲ್ಲರಿಗೂ ಅಭ್ಯಾಸ.

ಆ ಬೆಳಿಗ್ಗೆ ನಾವು ಹೊರಟಿದ್ದು ಯಜಮಾನರ ಅಕ್ಕನಿಗಾಗಿ. ಅತ್ತಿಗೆಗೆ ಎಪ್ಪತ್ತೊಂದು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ನಮ್ಮ ವಿಮಾನ ಹತ್ತಿರಲಿಲ್ಲ, ಪ್ರತಿ ಸಲವೂ ಯಾರಿಗಾದರೂ ಜಾಗ ಬಿಟ್ಟುಕೊಡುತ್ತಿದ್ದರು. ಈಗ ದೂರದಲ್ಲಿರುವ ಮಗಳಿಗೆ ಹೆರಿಗೆಯಾಗಿ ಹತ್ತು ದಿನವಾಗಿತ್ತು. ಮೊಮ್ಮಗಳನ್ನು ತೋರಿಸಿಯೇ ತೋರಿಸುತ್ತೇನೆಂದು ಇವರು ಮಾತು ಕೊಟ್ಟಿದ್ದರು. ಜೊತೆಗೆ ಅತ್ತಿಗೆಯ ಗಂಡ, ಮತ್ತು ಮಗುವಿನ ಮುಖ ಇನ್ನೂ ನೋಡಿರದ ಅಳಿಯ.

ಮೂವರನ್ನೂ ತೂಗಿದೆ. ಮಿತಿಗಿಂತ ಒಂಬತ್ತು ಕೆಜಿ ಹೆಚ್ಚಾಯಿತು. ಬ್ಯಾಗುಗಳನ್ನೆಲ್ಲ ಇಳಿಸಿದ ಮೇಲಿನ ಲೆಕ್ಕ ಅದು. ಇಳಿಯುವ ಊರಲ್ಲಿ ಮೋಡ ಕವಿದಿತ್ತು, ಇಳಿಯಲಾಗದಿದ್ದರೆ ಇನ್ನೊಂದು ಊರಿಗೆ ಹಾರಬೇಕಾದೀತು, ಹಾಗಾಗಿ ಇಂಧನ ಕಡಿಮೆ ಮಾಡುವಂತಿರಲಿಲ್ಲ.

ಅತ್ತಿಗೆ ಕೈಚೀಲ ಎತ್ತಿಕೊಂಡರು. "ನಾನು ಉಳ್ಕೋತೀನಿ ಬಿಡಮ್ಮ. ಮಗುವಿನ ಅಪ್ಪ ಹೋಗ್ಲಿ."

ನನಗೆ ಮೈಯೆಲ್ಲ ಉರಿಯಿತು. ಈ ಸಲವೂ ಇವರೇ ಉಳಿಯಬೇಕೆ? ಹಾಳೆಯನ್ನು ಮೇಲಿಂದ ಕೆಳಗೆ ಮತ್ತೆ ನೋಡಿದೆ. ಮೊದಲ ಎರಡು ಸಾಲು ನಮ್ಮವು: ಇವರದು ಎಂಬತ್ತು, ನನ್ನದು ಅರವತ್ತೊಂದು. ವಿಮಾನ ಕೊಂಡ ವರ್ಷ ಬರೆದದ್ದನ್ನೇ ಹದಿನೆಂಟು ವರ್ಷ ನಕಲು ಮಾಡಿಕೊಂಡು ಬಂದಿದ್ದೆವು. ಊರಿಗೆಲ್ಲ ತೂಕ ಹಾಕುವ ನಾನು ನಮ್ಮಿಬ್ಬರನ್ನು ಮಾತ್ರ ತೂಗಿರಲಿಲ್ಲ.

ನಾನು ಹತ್ತಿದೆ. ಅರವತ್ತಮೂರು. ಅಳಿಯ ಕೆಮ್ಮಿದಂತೆ ನಕ್ಕ.

"ರೀ, ನೀವೂ ಬನ್ನಿ."

"ನನ್ನದೇನು ನೋಡೋದು? ಬರೆದಿದೆಯಲ್ಲ," ಎಂದರು, ಜಾಕೆಟ್ಟಿನ ಜಿಪ್ ಎಳೆದುಕೊಳ್ಳುತ್ತ.

"ಹತ್ತೋ ಮಾರಾಯ, ಹೆಂಗಸರೇ ನಾಚಿಕೊಳ್ಳಲಿಲ್ಲ," ಎಂದರು ಅತ್ತಿಗೆ.

ಹತ್ತಿದರು. ಅರವತ್ತಾರು.

ಹದಿನಾಲ್ಕು ಕಡಿಮೆ, ನನ್ನ ಎರಡು ಹೆಚ್ಚು. ಹೆಚ್ಚಾಗಿದ್ದ ಒಂಬತ್ತು ಹೋಗಿ ಇನ್ನೂ ಮೂರು ಕೆಜಿಗೆ ಜಾಗ ಉಳಿಯಿತು. ಅಳಿಯ ಚಪ್ಪಾಳೆ ತಟ್ಟಿದ. "ಮಾವ, ನಿಮ್ಮ ವಾಕಿಂಗಿನಿಂದ ಅತ್ತೆಗೆ ಸೀಟು ಸಿಕ್ತು!"

ನಾನು ಯಂತ್ರದ ಅಂಕಿಯನ್ನು ಮತ್ತೆ ಓದಿದೆ. ಇವರ ಬೆಲ್ಟಿಗೆ ಹೊಸ ತೂತು ಹೊಡೆದುಕೊಟ್ಟವಳು ನಾನೇ. ದಿನಾ ಬೆಳಿಗ್ಗೆ ವಾಕಿಂಗ್ ಹೋಗಿ ಹೊಟ್ಟೆ ಕರಗಿತೆಂದು ಸಂಭ್ರಮವನ್ನೂ ಪಟ್ಟಿದ್ದೆ.

ಇವರನ್ನು ರೆಕ್ಕೆಯ ಆಚೆ ಕರೆದೊಯ್ದೆ. "ಐದು ತಿಂಗಳ ಹಿಂದೆ ಲೈಸೆನ್ಸಿನ ಡಾಕ್ಟರು ತೂಗಿದಾಗ ಎಷ್ಟಿತ್ತು?"

"ಎಪ್ಪತ್ತೆಂಟು."

"ಮತ್ತೆ?"

ಟೈರನ್ನು ನೋಡುತ್ತ ನಿಂತರು. ಆಮೇಲೆ ಒಂದೊಂದೇ ಹೊರಬಂತು. ವಿಪರೀತ ದಾಹ. ಕಾಲು ಜೋಮು. "ಕೆಲವು ಸಲ ಮೀಟರಿನ ಅಂಕಿ ಮಂಜಾಗುತ್ತೆ ಕಣೇ. ಡಾಕ್ಟರ ಹತ್ರ ಹೋದ್ರೆ ಲೈಸೆನ್ಸ್ ಕಿತ್ಕೋತಾರೆ. ಇದೊಂದು ಸಲ. ಅಕ್ಕನಿಗೆ ಮಾತು ಕೊಟ್ಟಿದ್ದೀನಿ."

"ನಾನು ಪಕ್ಕದಲ್ಲಿ ಕೂರಲ್ಲ," ಎಂದೆ. ನಾನು ಕೂರದಿದ್ದರೆ ಆ ವಿಮಾನ ಹಾರುವಂತಿಲ್ಲ. ಅತ್ತಿಗೆಯ ಪಾಲಿನ ಸೀಟನ್ನು ನನ್ನ ಬಾಯಿಂದಲೇ ಕಿತ್ತುಕೊಂಡಂತಾಯಿತು, ಅಳು ಬಂತು.

ಅತ್ತಿಗೆ ಬಂದರು. ನನ್ನ ಮುಖ ನೋಡಿ, ತಮ್ಮನ ಜಾಕೆಟ್ಟಿನ ಜಿಪ್ ಇಳಿಸಿದರು. ಒಳಗೆ ಅಂಗಿ ಜೋಲಾಡುತ್ತಿತ್ತು. ಬೆನ್ನ ಮೇಲೆ ಕೈಯಾಡಿಸಿದರು, ಮೂಳೆ ಸಿಕ್ಕಿರಬೇಕು.

"ಇವನ ವಾಕಿಂಗಿಗೆ ಬೆಂಕಿ ಬೀಳ," ಎಂದರು. "ಕಾರು ತೆಗೆಯಮ್ಮ."

ಅಳಿಯನಿಗೆ ಸಂಜೆಯ ವಿಮಾನದಲ್ಲಿ ಟಿಕೆಟ್ ಸಿಕ್ಕಿತು. ಒಂದೇ ಇತ್ತು. ಅತ್ತಿಗೆಯ ಗಂಡ ಅವನ ಜೊತೆ ಉಳಿದರು. ನಾನು ಆಸ್ಪತ್ರೆಯ ಕಡೆ ಕಾರು ಓಡಿಸಿದೆ, ಅಕ್ಕ ತಮ್ಮ ಹಿಂದೆ ಕೂತರು.

"ಅಕ್ಕಾ, ಇನ್ಮೇಲೆ ನನ್ನನ್ನ ಹಾರಿಸೋಕೆ ಬಿಡಲ್ವೇನೋ," ಎಂದರು ಇವರು. ಅರವತ್ತೆರಡರ ಗಂಡಸಿನ ದನಿಯಾಗಿರಲಿಲ್ಲ ಅದು.

"ಬಿಡದಿದ್ರೆ ಬೇಡ," ಎಂದರು ಅತ್ತಿಗೆ. "ಹಾರಿಸೋಕೇ ಬಾರದ ಕಾಲದಲ್ಲೂ ನೀನು ನನಗೆ ಬೇಕಾಗಿದ್ದೆ."