ಖಾಲಿ ಮನೆಯ ಕರೆಂಟು

ನಮ್ಮ ವಿದ್ಯುತ್ ಕಚೇರಿಯಲ್ಲಿ ಬಿಲ್ಲು ತಪ್ಪಾದರೆ ಬೈಗುಳ ತಿನ್ನುವವಳು ನಾನು. ಮೀಟರು ಕೆಟ್ಟರೂ ನಾನೇ, ದರ ಬದಲಾದರೂ ನಾನೇ. ಬೈಸಿಕೊಂಡು ಬೈಸಿಕೊಂಡು ರೋಸಿಹೋಗಿ ಕಂಪ್ಯೂಟರಿನಲ್ಲಿ ಒಂದು ಲೆಕ್ಕಾಚಾರ ಕಟ್ಟಿದೆ. ಎಲ್ಲಿ ತಪ್ಪಾಗುವ ಸಂಭವವಿದೆ, ತಪ್ಪಾದರೆ ಯಾರಿಗೆ ಎಷ್ಟು ಪೆಟ್ಟು ಎಂದು ಅದು ಪ್ರತಿ ಬಿಲ್ಲನ್ನೂ ತೂಗಿ ನೋಡುತ್ತದೆ. ಅಪಾಯವಿದ್ದರೆ ಕೆಂಪು, ನಾವು ಕೂತು ಪರೀಕ್ಷಿಸಬೇಕು. ಇಲ್ಲದಿದ್ದರೆ ಹಸಿರು, ಕಣ್ಣು ಮುಚ್ಚಿಕೊಂಡು ಕಳಿಸಬಹುದು. ಬಾಕಿದಾರರ ಕರೆಂಟ್ ಕಡಿಯುವುದಕ್ಕೂ ಇದೇ ನಿಯಮ. ರೋಗಿ ಯಂತ್ರದ ಬಲದಿಂದ ಉಸಿರಾಡುತ್ತಿರುವ ಮನೆಯಾದರೆ ಕಡುಗೆಂಪು, ಯಾರೂ ಮುಟ್ಟುವ ಹಾಗಿಲ್ಲ. ಅದನ್ನು ಹಟ ಹಿಡಿದು ಸೇರಿಸಿದವಳು ನಾನೇ. ನನ್ನ ಅಮ್ಮನೇ ಹಗಲೂ ರಾತ್ರಿ ಆಕ್ಸಿಜನ್ ಮಷೀನಿನ ನಳಿಕೆ ಮೂಗಿಗೆ ಸಿಕ್ಕಿಸಿಕೊಂಡು ಬದುಕಿರುವವಳಲ್ಲವೇ!

ಆವತ್ತು ನಿರ್ದೇಶಕರ ಮುಂದೆ ಪ್ರದರ್ಶನ. ಸಾಲಾಗಿ ಕೂತಿದ್ದ ದೊಡ್ಡವರ ಯಾರ ಮುಖದಲ್ಲೂ ನಂಬಿಕೆ ಇರಲಿಲ್ಲ.

"ಎಲ್ಲಿ, ಒಂದು ಮನೆ ಕಟ್ ಮಾಡಿ ತೋರ್ಸಿ ಮೇಡಂ," ಎಂದರು ಹಿರಿಯ ನಿರ್ದೇಶಕರು. "ಆಮೇಲೆ ಯಾರೂ ಬಂದು ಬಾಯಿ ಮಾಡ್ಬಾರ್ದು ಅಷ್ಟೆ."

ನಾನೇನು ದಡ್ಡಿಯೇ? ಕಣ್ಣಾರೆ ಕಂಡ ಮನೆಯನ್ನೇ ಆರಿಸಿದೆ. ಅಪ್ಪ ಅಮ್ಮನ ಬಾಡಿಗೆ ಮನೆಗೆ ಎದುರಿನ ಮನೆ, ಅದೇ ಮಹಡಿ. ಅಲ್ಲಿದ್ದವರು ಬಿಲ್ಲು ಕಟ್ಟದೆ ಪರಾರಿಯಾಗಿ ತಿಂಗಳುಗಳಾಗಿದ್ದವು. ಹೋದಾಗಲೆಲ್ಲ ಆ ಬೀಗ ನೋಡಿ ಹಲ್ಲು ಕಡಿಯುತ್ತಿದ್ದೆ. ಪರದೆಯ ಮೇಲೆ ಅದು ಅಚ್ಚ ಹಸಿರಾಗಿತ್ತು.

"ಖಾಲಿ ಮನೆ ಅಂತೀರಿ. ಕರೆಂಟ್ ಮಾತ್ರ ಖರ್ಚಾಗ್ತಾನೇ ಇದೆಯಲ್ರೀ?" ಎಂದರು ಹಿರಿಯ ನಿರ್ದೇಶಕರು.

"ಫ್ರಿಜ್ ಹಾಕಿಟ್ಟೇ ಓಡಿಹೋಗಿದಾರೆ ಸರ್. ಪಾಪ, ಅದೊಂದೇ ಸಂಸಾರ ಮಾಡ್ತಿದೆ."

ಎಲ್ಲರೂ ಗೊಳ್ಳೆಂದು ನಕ್ಕರು. ನನಗೋ ಕೊಂಬು ಮೂಡಿದ ಹಾಗಾಯಿತು. ಗುಂಡಿ ಒತ್ತಿದೆ. ಕಡಿತವಾಯಿತು, ಅಪಾಯವಿಲ್ಲ ಎಂದು ಪರದೆ ಹೇಳಿತು. ಚಪ್ಪಾಳೆ ಇನ್ನೂ ಮುಗಿದಿರಲಿಲ್ಲ, ಅಪ್ಪನ ಫೋನ್ ಬಂತು.

"ಪುಟ್ಟೀ, ಅಮ್ಮನ ಮಷೀನ್ ನಿಂತೋಯ್ತು ಕಣೇ. ಕರೆಂಟ್ ಹೋಯ್ತೋ ಏನೋ."

ತಕ್ಷಣ ಅವರ ಮನೆಯ ಮೀಟರ್ ಸಂಖ್ಯೆ ಹಾಕಿ ನೋಡಿದೆ. ಸಂಪರ್ಕ ಚಾಲೂ ಇತ್ತು.

"ಕರೆಂಟ್ ಇದೆ ಅಪ್ಪ."

"ಲೈಟ್ ಸ್ವಿಚ್ ಹಾಕಿ ನೋಡ್ಲಾ?"

"ಅಯ್ಯೋ, ಅದೆಲ್ಲ ಬೇಡ! ನಾನಿಲ್ಲಿ ಕಣ್ಮುಂದೆ ನೋಡ್ತಾ ಇದೀನಲ್ಲ. ಮಷೀನೇ ಕೆಟ್ಟಿರ್ಬೇಕು, ಅದನ್ನ ನೋಡು ಮೊದಲು."

ಫೋನಿಟ್ಟು ಆಂಬುಲೆನ್ಸಿಗೆ ಹೇಳಿದೆ. ತಿರುಗಿದರೆ ಪರದೆಯ ಮೇಲೆ ಎರಡು ಮನೆಗಳ ಕರೆಂಟ್ ಬಳಕೆಯ ಗೆರೆಗಳೂ ಅಕ್ಕಪಕ್ಕ ನಿಂತಿದ್ದವು. ಬೀಗ ಹಾಕಿದ ಮನೆಯ ಗೆರೆ ಹಗಲೂ ರಾತ್ರಿ ಒಂದೇ ಸಮನೆ ಓಡಿ, ನಾನು ಗುಂಡಿ ಒತ್ತಿದಲ್ಲಿಗೆ ಕಡಿದುಹೋಗಿತ್ತು. ಅಪ್ಪ ಅಮ್ಮನ ಗೆರೆ ನೆಲ ಕಚ್ಚಿತ್ತು. ಇಡೀ ದಿನ ಮಷೀನ್ ಓಡುವ ಮನೆಗೆ ಇಷ್ಟು ಕಡಿಮೆ ಕರೆಂಟೇ? ಪ್ರತಿ ತಿಂಗಳೂ ಅಪ್ಪ "ನೋಡು ನಮ್ಮ ಬಿಲ್ಲು ಎಷ್ಟು ಕಮ್ಮಿ" ಎಂದು ಬೀಗುತ್ತಿದ್ದರು, ನಾನು ಅವರ ಮಿತವ್ಯಯವನ್ನು ಹೊಗಳುತ್ತಿದ್ದೆ.

ಆಗ ಹೊಳೆಯಿತು. ಕಟ್ಟಡ ಕಟ್ಟುವಾಗ ಯಾರೋ ಪುಣ್ಯಾತ್ಮ ಎರಡು ಮನೆಗಳ ತಂತಿಗಳನ್ನು ಅದಲುಬದಲು ಜೋಡಿಸಿದ್ದ. ಖಾಲಿ ಮನೆಯ ಮೀಟರಿನಲ್ಲಿ ಓಡುತ್ತಿದ್ದುದು ನನ್ನ ಅಮ್ಮನ ಉಸಿರು. ನನ್ನ ಲೆಕ್ಕಾಚಾರ ದರ, ದಿನಾಂಕ, ಬಳಕೆ ಎಲ್ಲವನ್ನೂ ಅನುಮಾನಿಸಿತ್ತು. ಈ ಮೀಟರು ನಿಜವಾಗಿ ಈ ಮನೆಯದೇನಾ ಎಂದು ಮಾತ್ರ ಕೇಳಿರಲೇ ಇಲ್ಲ. ಕೇಳುವಂತೆ ಅದಕ್ಕೆ ನಾನು ಹೇಳಿಕೊಟ್ಟಿರಲಿಲ್ಲ!

ಯಾರನ್ನೂ ಕೇಳದೆ ಸಂಪರ್ಕ ಮತ್ತೆ ಕೊಟ್ಟೆ. ಅಪ್ಪನಿಗೆ ಫೋನ್ ಮಾಡಿದೆ.

"ಅಪ್ಪಾ, ಮಷೀನ್ ಹಾಕು! ಈಗ್ಲೇ ಹಾಕು!"

"ಎಲ್ಲಿ ಹಾಕ್ಲಿ ಪುಟ್ಟಿ? ಪೂರ್ತಿ ಬಿಚ್ಚಿಟ್ಟಿದೀನಲ್ಲ. ಕೆಟ್ಟಿದೆ ಅಂದ್ಯಲ್ಲ ನೀನು."

ಜೀವಮಾನವೆಲ್ಲ ರೇಡಿಯೊ ರಿಪೇರಿ ಮಾಡಿದವರು ನನ್ನಪ್ಪ. ನನ್ನ ಮಾತು ಕೇಳಿ ಸ್ಕ್ರೂಡ್ರೈವರ್ ಹಿಡಿದಿದ್ದರು. ಹಿಂದಿನಿಂದ ಅಮ್ಮನ ಏದುಸಿರು ಕೇಳಿಸುತ್ತಿತ್ತು. ನಾನು ಆ ದೊಡ್ಡವರ ಮುಂದೆಯೇ ಕಿರುಚಿದೆನಂತೆ, ನನಗೆ ನೆನಪಿಲ್ಲ.

ಆಸ್ಪತ್ರೆಗೆ ಓಡಿದಾಗ ಅಮ್ಮನನ್ನು ಗಾಜಿನ ಬಾಗಿಲಿನ ಒಳಗೆ ಮಲಗಿಸಿದ್ದರು. ಜೀವವಿತ್ತು, ಪ್ರಜ್ಞೆ ಇರಲಿಲ್ಲ. ಸಂಜೆಯವರೆಗೂ ಏನೂ ಹೇಳಲಾಗದು ಎಂದರು ಡಾಕ್ಟರು. ಅಪ್ಪ ಡಾಕ್ಟರನ್ನು ಹಿಡಿದು ನಿಲ್ಲಿಸಿಕೊಂಡಿದ್ದರು.

"ಮಷೀನ್ ಮಾರಿದೋರು ಮೋಸ ಮಾಡಿದ್ರು ಡಾಕ್ಟ್ರೇ. ಕರೆಂಟ್ ಇತ್ತು. ನನ್ನ ಮಗಳೇ ಆಫೀಸಲ್ಲಿ ನೋಡಿ ಹೇಳಿದ್ಲು."

ನಾನು ಅಪ್ಪನ ತೋಳು ಹಿಡಿದೆ. "ಅಪ್ಪ, ಕರೆಂಟ್ ಇರ್ಲಿಲ್ಲ. ತೆಗೆದೋಳು ನಾನೇ."

ಅಪ್ಪ ನನ್ನ ತಲೆ ಸವರಿದರು. "ಸುಮ್ನಿರು ಪುಟ್ಟಿ, ಗಾಬರೀಲಿ ಏನೇನೋ ಮಾತಾಡ್ತಿದೀಯ. ನೀನು ನೋಡ್ದೆ ಒಂದು ಮಾತು ಹೇಳೋಳಲ್ಲ, ನನಗೊತ್ತಿಲ್ವಾ?"

ಮತ್ತೆ ಡಾಕ್ಟರ ಕಡೆ ತಿರುಗಿ ಮೊದಲಿನಿಂದ ಶುರು ಮಾಡಿದರು.