ನಿಲ್ಲಿಸಬಾರದ ಮಿಷನ್ನು

ಮತ್ತೆ ದಾರ ತುಂಡಾಯಿತು, ಹಾಳಾದ್ದು, ಈ ದಾರಕ್ಕೆ ಇವತ್ತೇ ಏನು ಬಂತೋ — ಅವಳು ಸೂಜಿಗೆ ದಾರ ಪೋಣಿಸುತ್ತಾಳೆ, ಕಿವಿಯೆಲ್ಲ ಗೇಟಿನ ಕಡೆಗಿದೆ, ಅಣ್ಣನ ಹೆಣ ಹೊತ್ತ ವ್ಯಾನು ಇನ್ನೇನು ಬರಬೇಕು, ಆಸ್ಪತ್ರೆಯಿಂದ ಹೊರಟೆವೆಂದು ಅಪ್ಪ ಫೋನು ಮಾಡಿ ಆಗಲೇ ಎಷ್ಟು ಹೊತ್ತಾಯಿತು, ಬಂದು ಗೇಟಿನೆದುರು ನಿಂತು ಹಾರ್ನ್ ಹಾಕುತ್ತದೆ, ಈ ಫ್ಯಾಕ್ಟರಿಯಲ್ಲಿ ಯಾರು ಸತ್ತರೂ ಹಾಗೆಯೇ, ಹೊರಗೆ ಹೆಣ ನಿಂತಷ್ಟು ಹೊತ್ತು ಒಳಗೆ ಎಲ್ಲ ಮಿಷನ್ನೂ ನಿಲ್ಲಬೇಕು, ಕಸ ಗುಡಿಸುವ ಅಜ್ಜಿ ಹೋದಾಗಲೂ ನಿಂತಿದ್ದವು, ಆವತ್ತು ಮೇನ್ ಸ್ವಿಚ್ ಆರಿಸಿದವನು ಮಾವನೇ, ಅಮ್ಮನ ಸ್ವಂತ ತಮ್ಮ, ಇಲ್ಲಿಯ ಸೂಪರ್‌ವೈಸರ್, ಅದೇ ಮಾವ ಬೆಳಿಗ್ಗೆ ಎಲ್ಲರನ್ನೂ ಗುಂಪು ಸೇರಿಸಿ ಹೇಳಿದ, ಮೇಲಿನವರ ಆರ್ಡರ್ ಆಗಿದೆ, ಅವನು ಈಗ ನಮ್ಮ ಕೆಲಸಗಾರ ಅಲ್ಲ, ಒಂದು ಮಿಷನ್ನೂ ನಿಲ್ಲೋ ಹಾಗಿಲ್ಲ, ನಿಲ್ಸಿದವರು ಹಾಗೇ ಮನೆಗೆ ಹೋಗ್ಬಹುದು. ಅವನು ಅಂದರೆ ಯಾರು ಮಾವ, ನಿನ್ನ ಹೆಗಲ ಮೇಲೆ ಕೂತು ಬೆಳೆದವನಲ್ಲವೇ, ಹೆಸರು ಹೇಳುವುದಕ್ಕೂ ನಾಲಿಗೆ ಹೊರಳಲಿಲ್ಲವೇ.

ಹಿಂದಿನ ಬಾಗಿಲಿಗೆ ಬೀಗ ಯಾಕೆ, ಬೆಂಕಿ ಬಿದ್ದರೆ ಈ ಹೆಂಗಸರು ಎಲ್ಲಿಂದ ಓಡಬೇಕು ಅಂತ ಕೇಳಿದ್ದಕ್ಕೆ ಅಣ್ಣನನ್ನು ಇಲ್ಲಿಯ ಕೆಲಸದಿಂದ ತೆಗೆದರು, ಬೇರೆಲ್ಲೂ ಸೇರಿಸಿಕೊಳ್ಳದ ಹಾಗೆ ಹೆಸರು ಕೆಡಿಸಿದರು, ಹೊಲಿಗೆ ಬಿಟ್ಟು ಬೇರೇನೂ ಬಾರದವನು ಗಾರೆ ಕೆಲಸಕ್ಕೆ ಹೋಗಿ ಮಹಡಿಯಿಂದ ಬಿದ್ದ, ಬೀಗ ಇನ್ನೂ ಹಾಗೆಯೇ ಇದೆ, ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಬೇರೆ ಹಾಕುತ್ತಾರೆ. ಪಕ್ಕದ ಮಿಷನ್ನಿನಲ್ಲಿ ಅಕ್ಕ, ಅತ್ತು ಅತ್ತು ಕಣ್ಣು ಊದಿದೆ, ಇತ್ತ ಬಾಗಿ ಪಿಸುಗುಡುತ್ತಾಳೆ, ಲೇ, ಸುಮ್ನಿರೇ, ಸತ್ತವನು ಎದ್ದು ಬರ್ತಾನಾ, ಇಬ್ಬರ ಕೆಲಸಾನೂ ಹೋದ್ರೆ ಅಪ್ಪ ಅಮ್ಮನಿಗೆ ಏನ್ ಹಾಕ್ತೀಯ. ಸರಿ ಅಕ್ಕ, ನೀನು ನಿಲ್ಲಿಸಬೇಡ, ನಾನೊಬ್ಬಳು ನಿಲ್ಲಿಸಿದರೆ ಸಾಕು, ಇವತ್ತು ಕೆಲಸಕ್ಕೆ ಬಂದದ್ದೇ ಅದಕ್ಕೆ — ಕಾಲರ್ ಹೊಲಿಯುವವಳು ಇವಳು, ಅದನ್ನು ಅಂಗಿಗೆ ಕೂಡಿಸುವವಳು ಅಕ್ಕ, ಅಕ್ಕನಿಂದ ತೋಳಿನವಳಿಗೆ, ಅಲ್ಲಿಂದ ಗುಂಡಿಯವಳಿಗೆ, ಇವಳು ಕೈ ಕಟ್ಟಿ ಕೂತರೆ ಒಬ್ಬೊಬ್ಬರ ಕೈಯೂ ತಾನಾಗಿ ಖಾಲಿ, ಯಾರಿಗೂ ಧೈರ್ಯವೇ ಬೇಕಿಲ್ಲ, ಪಾಪ, ಪುಕ್ಕಲು ಮುಂಡೇವು.

ಹಾರ್ನ್. ಬಂತು, ಇವಳು ತನ್ನ ಮಿಷನ್ನಿನ ಸ್ವಿಚ್ ಆರಿಸಿ ಎದ್ದು ನಿಂತಳು, ಮಾವ ಓಡಿ ಬರುತ್ತಿದ್ದಾನೆ, ಕೂತ್ಕೊಳೇ, ನನ್ ಮರ್ಯಾದೆ ತೆಗೀಬೇಡ, ಕೂರಲ್ಲ ಮಾವ, ಹಾಗಾದ್ರೆ ನಾಳೆಯಿಂದ ಬರ್ಬೇಡ, ಬರಲ್ಲ — ಅಷ್ಟೇ, ಇಷ್ಟು ಸುಲಭವಾಗಿತ್ತೇ, ಈಗ ನಿಲ್ಲುತ್ತವೆ, ಅಕ್ಕನ ಕೈಯಲ್ಲಿರುವುದು ಮುಗಿಯಲಿ, ಇನ್ನೊಂದು ಅಂಗಿ, ಇನ್ನೊಂದೇ, ನಿಲ್ಲುತ್ತಿಲ್ಲವಲ್ಲ, ಯಾಕೆ ನಿಲ್ಲುತ್ತಿಲ್ಲ, ಅಕ್ಕ ಬಗ್ಗಿ ಮೇಜಿನಡಿಯಿಂದ ಏನನ್ನೋ ಎಳೆಯುತ್ತಿದ್ದಾಳೆ, ಕಾಲರ್ ಕಟ್ಟು, ನಿನ್ನೆ ಸಂಜೆ ಅಣ್ಣ ಬಿದ್ದನೆಂಬ ಫೋನು ಬರುವ ಮೊದಲು ಇವಳೇ ಹೊಲಿದು ಕೊಟ್ಟಿದ್ದು, ಎಷ್ಟು ಚುರುಕಮ್ಮ ನೀನು ಅಂತ ಮಾವ ಹೊಗಳಿದ್ದು, ಅಕ್ಕ ಅದನ್ನು ಎತ್ತಿಟ್ಟುಕೊಂಡಿದ್ದಾಳೆ, ಗೊತ್ತಿತ್ತು ಅವಳಿಗೆ, ತಂಗಿ ಏನು ಮಾಡುತ್ತಾಳೆಂದು ಗೊತ್ತಿತ್ತು — ಮುಟ್ಟಬೇಡ ಅಕ್ಕ, ಅದು ನನ್ನದು, ಅಕ್ಕ ತಲೆ ಎತ್ತುವುದಿಲ್ಲ, ಅಳುತ್ತಲೇ ಹೊಲಿಯುತ್ತಾಳೆ, ವ್ಯಾನು ಇದೆಯೋ ಹೋಯಿತೋ, ಈ ಸದ್ದಿನಲ್ಲಿ ಏನು ಕೇಳುತ್ತದೆ ಮಣ್ಣು, ಓಡಿಹೋಗಿ ಹತ್ತಬೇಕು, ಕಣ್ಣು ಮಾತ್ರ ಆ ಕಾಲರ್ ಬಿಟ್ಟು ಕದಲುತ್ತಿಲ್ಲ, ಅಂಚು ಎಷ್ಟು ನೇರವಾಗಿ ಬಂದಿದೆ, ಛೀ, ಇಷ್ಟು ಚೆನ್ನಾಗಿ ಯಾಕಾದರೂ ಹೊಲಿದೆ, ಅಕ್ಕನ ಬೆರಳ ಕೆಳಗೆ ಒಂದು ಬಿಳಿ ಕಾಲರ್, ಅದರ ಹಿಂದೆ ಇನ್ನೊಂದು ಬಿಳಿ ಕಾಲರ್, ಇನ್ನೊಂದು ಬಿಳಿ ಕಾಲರ್, ಇನ್ನೊಂದು —